ದಂಡಿನಿಂದ ಹೊಲಕ್ಕಿಳಿದ ಮಾತುಗಳು

ಹಳಗನ್ನಡ ಪಾಠ ಹೇಳುವ ಮೇಷ್ಟರಿಗೆ ತರಗತಿಯಲ್ಲಿ ಪ್ರಶ್ನೆಗಳ ಕಾಟ ಅಷ್ಟಾಗಿ ಇರುವುದಿಲ್ಲ. ಕಠಿಣ ಪದಗಳ ಅರ್ಥ ಪಾಠದ ಕೊನೆಯಲ್ಲಿ ಅಚ್ಚಾಗಿರುತ್ತದೆ, ಹುಡುಗರು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಕಳೆಯುತ್ತದೆ. ಕೆಲವು ವರ್ಷಗಳ ಕೆಳಗೆ ಮಾಗಡಿ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ಹೀಗೆಯೇ ಒಂದು ಯುದ್ಧಪ್ರಸಂಗದ ಪದ್ಯವನ್ನು ವಿವರಿಸುತ್ತಿದ್ದೆ. 'ಜೀತ ಎಂದರೆ ಸಂಬಳ, ಬರೆದುಕೊಳ್ಳಿ' ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಬರೆದುಕೊಳ್ಳಲಿಲ್ಲ. ಏಕೆಂದು ಕೇಳಿದೆ. ಅವನು ಎದ್ದು ನಿಂತು, 'ನಮ್ಮ ತಾತ ಜೀತಕ್ಕಿದ್ರಂತೆ ಸಾರ್. ಅವರಿಗೆ ಸಂಬಳಾನೇ ಇರಲಿಲ್ವಂತೆ' ಎಂದ.

ತರಗತಿ ನಗಲಿಲ್ಲ. ನನಗೂ ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಪುಸ್ತಕದ ಅರ್ಥ ತಪ್ಪಲ್ಲ. ಹುಡುಗನ ಮಾತೂ ಸುಳ್ಳಲ್ಲ. ಒಂದೇ ಮಾತು ಒಂದು ಕಾಲದಲ್ಲಿ ಸಂಬಳವಾಗಿದ್ದು ಇನ್ನೊಂದು ಕಾಲದಲ್ಲಿ ಸಂಬಳವಿಲ್ಲದ ದುಡಿಮೆಯಾದದ್ದು ಹೇಗೆ? ಅಂದು ಆ ಹುಡುಗನಿಗೆ ಅರೆಬರೆಯಾಗಿ ಹೇಳಿದುದನ್ನು ಇಂದು ತಮ್ಮ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡುತ್ತಿದ್ದೇನೆ. ರಾತ್ರಿಯ ವಾರ್ತೆ ಮುಗಿದ ಮೇಲೆ ಮನೆಯ ಹಿರಿಯರನ್ನೂ ಕೂಡಿಸಿಕೊಂಡು ಇದನ್ನು ಓದಿದರೆ ಚೆನ್ನು. ಏಕೆಂದರೆ ಇದರಲ್ಲಿ ಬರುವ ಕೆಲವು ಮಾತುಗಳು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮೊದಲು ನಮ್ಮ ಸೀಮೆಯನ್ನು ನೋಡೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಊರುಗಳ ನೆಲ ದಂಡಿನ ಕಾಲ್ತುಳಿತಕ್ಕೆ ಸಿಕ್ಕ ನೆಲ. ಶ್ರೀರಂಗಪಟ್ಟಣಕ್ಕೂ ಬೆಂಗಳೂರಿಗೂ ನಡುವೆ ಬಿದ್ದಿರುವುದರಿಂದ ಯಾವ ಸೈನ್ಯ ಎತ್ತ ಹೊರಟರೂ ಇಲ್ಲಿಯೇ ಹಾಯಬೇಕು. ಪೆನುಗೊಂಡೆಯನ್ನು ಬಿಜಾಪುರದವರಿಂದ ಕಾಪಾಡಿದ ಜಗದೇವರಾಯನಿಗೆ ವಿಜಯನಗರದ ಅರಸರು ಕೊಟ್ಟ ಸೀಮೆಗೆ ಚನ್ನಪಟ್ಟಣವೇ ರಾಜಧಾನಿ. 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಅದನ್ನು ಗೆದ್ದುಕೊಂಡರು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನಿಗೆ ಬೆಂಗಳೂರನ್ನು ಬಿಟ್ಟುಕೊಟ್ಟ ಕೆಂಪೇಗೌಡರ ವಂಶ ಮಾಗಡಿಯಲ್ಲಿ ನೆಲೆನಿಂತಿತು. ಸಾವನದುರ್ಗ ಅವರ ಬೆನ್ನ ಹಿಂದಿನ ಗೋಡೆಯಾಯಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನ ದಂಡು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿಯಿತು. ಆ ವಂಶದ ಕೊನೆಯ ಪಾಳೆಯಗಾರ ಶ್ರೀರಂಗಪಟ್ಟಣದ ಸೆರೆ ಸೇರಿದ.

ಮೂರನೆಯ ಮೈಸೂರು ಯುದ್ಧದಲ್ಲಂತೂ ಈ ಸೀಮೆಯೇ ರಣರಂಗ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯ ಚನ್ನಪಟ್ಟಣದ ದಾರಿಯನ್ನು ಬಿಟ್ಟು ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ದಾರಿಯಾಗಿ ಶ್ರೀರಂಗಪಟ್ಟಣಕ್ಕೆ ನಡೆಯಿತು. ಶತ್ರುವಿಗೆ ಹುಲ್ಲುಕಡ್ಡಿಯೂ ಸಿಗದಂತೆ ದಾರಿಯ ಸೀಮೆಯನ್ನು ಹಾಳುಗೆಡವಲು ಟಿಪ್ಪು ಆಜ್ಞೆ ಮಾಡಿದ್ದ. ಮೇವಿಲ್ಲದೆ, ಮಳೆಯಲ್ಲಿ ನೆನೆದು, ಎತ್ತುಗಳು ಸಾಲುಸಾಲಾಗಿ ಸತ್ತವು. ಭಾರಿ ಫಿರಂಗಿಗಳನ್ನು ಎಳೆಯುವವರಿಲ್ಲದೆ ಇಂಗ್ಲಿಷರು ಅವನ್ನು ತಾವೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಅದೇ ವರ್ಷದ ಡಿಸೆಂಬರ್ 21ರಂದು ಸಾವನದುರ್ಗ ಬಿತ್ತು; ಅದರ ಬೆನ್ನಿಗೇ ರಾಮಗಿರಿ, ಹುತ್ರಿದುರ್ಗಗಳೂ ಬಿದ್ದವು.

ಯುದ್ಧಗಳು ಮುಗಿದರೂ ಅವುಗಳ ಮಾತುಗಳು ಇಲ್ಲಿಯೇ ಉಳಿದವು. ನಮ್ಮ ಸುತ್ತಮುತ್ತ ಎಷ್ಟು ಊರುಗಳ ಹೆಸರು 'ಪಾಳ್ಯ' ಎಂದು ಮುಗಿಯುತ್ತದೆ, ಎಣಿಸಿ ನೋಡಿ. ಪಾಳೆಯ ಎಂದರೆ ದಂಡು ಇಳಿದ ಬೀಡು. ಆ ಬೀಡಿನ ಒಡೆಯನೇ ಪಾಳೆಯಗಾರ. ಬೆಂಗಳೂರಿನ ಹಳಬರು ಇಂದಿಗೂ ಕಂಟೋನ್ಮೆಂಟನ್ನು 'ದಂಡು' ಎನ್ನುತ್ತಾರೆ. ರಾಮನಗರವು ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದು. ಅನಂತರ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬ ಸೇನಾಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆ. ಊರಿನ ಹೆಸರು ಬದಲಾಗಿ ದಶಕಗಳೇ ಆದರೂ ಭೂವಿಜ್ಞಾನಿಗಳು ಇಲ್ಲಿಯ ಬಂಡೆಯನ್ನು ಈಗಲೂ ಕ್ಲೋಸ್‌ಪೇಟೆ ಗ್ರಾನೈಟು ಎಂದೇ ಕರೆಯುತ್ತಾರೆ. ಹೆಸರಿಟ್ಟವರು ಹೋದರೂ ಕಲ್ಲು ಹೆಸರನ್ನು ಬಿಡಲಿಲ್ಲ.

ಇವು ಒಡೆಯರ ಕಡೆಯ ಮಾತುಗಳು. ದಂಡಿನಲ್ಲಿ ದುಡಿದವರ ಕಡೆಯ ಮಾತುಗಳು ಬೇರೆ ಉಂಟು. ನಮ್ಮ ಹುಡುಗನ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ.

'ಆಳು' ಎಂಬ ಮಾತನ್ನು ತೆಗೆದುಕೊಳ್ಳಿ. ಹಳಗನ್ನಡದಲ್ಲಿ ಆಳೆಂದರೆ ವೀರ, ಯೋಧ. ಕಾಲಾಳು, ಕಟ್ಟಾಳು ಎಂಬ ಮಾತುಗಳಲ್ಲಿ ಆ ಗತ್ತು ಇನ್ನೂ ಇದೆ. ಇಂದು 'ಹೊಲಕ್ಕೆ ಹತ್ತಾಳು ಬಿಟ್ಟಿದ್ದೇನೆ' ಎಂದರೆ ಹತ್ತು ಮಂದಿ ಕೂಲಿಯವರು ಎಂದರ್ಥ. ಸೋಜಿಗವೆಂದರೆ ಅರಸನು ಮಾಡುವ ಕೆಲಸಕ್ಕೂ ಕನ್ನಡದಲ್ಲಿ 'ಆಳು' ಎಂಬುದೇ ಧಾತು. ಅರಸ ಆಳುತ್ತಾನೆ, ಆಳು ದುಡಿಯುತ್ತಾನೆ. ಇಬ್ಬರ ಮಾತೂ ರೂಪದಲ್ಲಿ ಒಂದೇ, ಬಾಳು ಮಾತ್ರ ಒಂದೇ ಅಲ್ಲ.

'ಕಂದಾಚಾರ' ಇನ್ನೊಂದು. ಇಂದು ಇದನ್ನು ಕೇಳಿದೊಡನೆ ಕುರುಡು ಸಂಪ್ರದಾಯವೆಂಬ ಅರ್ಥ ನಮ್ಮ ಮನಸ್ಸಿಗೆ ಬರುತ್ತದೆ. ಮೈಸೂರಿನ ಹಳೆಯ ಆಡಳಿತದ ಕಾಗದಗಳಲ್ಲಿ ಕಂದಾಚಾರವೆಂದರೆ ಊರೂರಲ್ಲಿದ್ದ ಕಾಲಾಳುಗಳ ಇಲಾಖೆ. ಅವರು ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದು ಕರೆ ಬಂದಾಗ ಕತ್ತಿ ಹಿಡಿಯುವವರು. ಪೊಲೀಸಿನ ಕೆಲಸವೂ ಅವರದೇ. ಅವರ ಸಂಬಳದ ಒಂದು ಪಾಲು ಹಣ, ಇನ್ನೊಂದು ಪಾಲು ಭೂಮಿ. ಕುದುರೆಯವರಲ್ಲಿ 'ಸಿಲ್ಲೇದಾರ'ನೆಂದರೆ ತನ್ನ ಕುದುರೆ, ತನ್ನ ಆಯುಧಗಳೊಡನೆ ಚಾಕರಿಗೆ ಬರುವವನು. 'ಬಾರಗೀರ'ನೆಂದರೆ ಇನ್ನೊಬ್ಬನ ಕುದುರೆ ಏರುವವನು. ಇಬ್ಬರೂ ಒಂದೇ ಸಾಲಿನಲ್ಲಿ ಕಾದುವವರೇ. ಆದರೆ ದುಡಿಮೆಯ ಸಾಧನ ಯಾರದೆಂಬುದರ ಮೇಲೆ ಮರ್ಯಾದೆ ನಿಂತಿತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ 'ಜೀತ'ಕ್ಕೆ ಬರೋಣ. ಸಂಸ್ಕೃತದ 'ಜೀವಿತ' ಶಬ್ದದ ತದ್ಭವವೇ ಜೀತ. ಜೀವನಕ್ಕೆ ಆಧಾರವಾದದ್ದು ಜೀವಿತ. ಅರಸನು ತನ್ನ ಅಧಿಕಾರಿಗೆ, ತನ್ನ ಯೋಧನಿಗೆ, ಸೇವೆಗೆ ಪ್ರತಿಯಾಗಿ ಬಿಟ್ಟುಕೊಟ್ಟ ಭೂಮಿಯನ್ನು ಶಾಸನಗಳು ಜೀವಿತವೆನ್ನುತ್ತವೆ. 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿಯೂ ಜೀತಕ್ಕೆ ಸಂಬಳವೆಂಬ ಅರ್ಥವಿದೆ. ಹಳೆಯ ಕಾವ್ಯಗಳ ವೀರನಿಗೆ ಜೀತ ನಾಚಿಕೆಯ ಮಾತಲ್ಲ. ಅದು ಒಡೆಯನು ತನ್ನ ತೋಳಿಗೆ ಕಟ್ಟಿದ ಬೆಲೆ.

ಈ ಜೀತಕ್ಕೆ ಬೆನ್ನೆಲುಬಾಗಿ ಒಂದು ನಂಬಿಕೆ ಇತ್ತು. ಅದರ ಹೆಸರು 'ಜೋಳವಾಳಿ'. ಒಡೆಯನ ಜೋಳವನ್ನು ಉಂಡವನು ಆ ಅನ್ನದ ಋಣವನ್ನು ರಣದಲ್ಲಿ ತೀರಿಸಬೇಕು. ಇದನ್ನು ಇನ್ನೂ ಬಿಗಿಮಾಡಿಕೊಂಡವರು 'ಲೆಂಕ'ರು. ಒಡೆಯ ಸತ್ತರೆ ತಾವೂ ಸಾಯುವುದಾಗಿ ಭಾಷೆ ಕೊಟ್ಟವರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ನಿಂತಿರುವ ಕುವರಲಕ್ಷ್ಮನ ಕಂಬ ಇಂಥ ಭಾಷೆಯ ನೆನಪು. ತನ್ನ ದೊರೆ ಎರಡನೆಯ ಬಲ್ಲಾಳನೊಡನೆ ಅವನೂ ಪ್ರಾಣ ಬಿಟ್ಟ.

ಆದರೆ ಈ ಋಣಕ್ಕೆ ಇನ್ನೊಂದು ಮಗ್ಗುಲೂ ಇತ್ತೆಂಬುದನ್ನು ಮರೆಯಬಾರದು. ಯೋಧನು ಋಣ ತೀರಿಸಿದರೆ ಒಡೆಯನೂ ತೀರಿಸಬೇಕು. ಗೆದ್ದು ಬಂದ ವೀರನ ಕತ್ತಿಯನ್ನು ತೊಳೆದು ಕೊಡುವ ದತ್ತಿಗೆ 'ಬಾಳ್ಗಚ್ಚು' ಎಂದು ಹೆಸರು. ಸತ್ತವನ ಮನೆಯವರಿಗೆ ಕೊಡುವ ಭೂಮಿ 'ನೆತ್ತರುಗೊಡಗೆ'. ಚನ್ನಪಟ್ಟಣದಿಂದ ಪಡುವಲಿಗೆ ಹೋದರೆ ಸಿಗುವ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ. ಶ. 949–50ರ ಒಂದು ಕಲ್ಲು ದೊರೆತಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಗಂಗರ ಬೂತುಗನು ಊರುಗಳನ್ನು ಬಾಳ್ಗಚ್ಚಾಗಿ ಕೊಟ್ಟದ್ದನ್ನು ಅದು ಹೇಳುತ್ತದೆ. ಆ ವೀರ ತನಗೆ ಬೇಕೆಂದು ಕೇಳಿ ಪಡೆದದ್ದು ಮಾತ್ರ ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಕಾದಿ ಸತ್ತ ಆ ನಾಯಿಗೂ ಆ ಕಲ್ಲಿನಲ್ಲಿ ಸ್ಥಾನವಿದೆ. ಹೀಗೆ ದಂಡಿನ ಜೀತಗಾರ ಸತ್ತಾಗ ಅವನ ಮಗನಿಗೆ ಬಂದದ್ದು ಭೂಮಿ.

ಎಲ್ಲರ ಪಾಲಿಗೂ ಹೀಗಿರಲಿಲ್ಲ ಎಂಬುದಕ್ಕೂ ಮಾತುಗಳೇ ಸಾಕ್ಷಿ. 'ವಿಷ್ಟಿ' ಎಂಬುದರ ತದ್ಭವ 'ಬಿಟ್ಟಿ'. ಕೋಟೆಗೆ ಕಲ್ಲು ಹೊರಲು, ಕೆರೆಗೆ ಮಣ್ಣು ಹಾಕಲು, ದಂಡು ಸಾಗುವಾಗ ಮೂಟೆ ಎತ್ತಲು ಊರಿನವರನ್ನು ಕೂಲಿಯಿಲ್ಲದೆ ಹಿಡಿದು ದುಡಿಸುವುದು ಹಳೆಯ ರಾಜ್ಯಗಳ ರೂಢಿ. ಶಾಸನಗಳಲ್ಲಿ ಬಿಟ್ಟಿ ಒಂದು ತೆರಿಗೆಯಂತೆ ಕಾಣಿಸಿಕೊಳ್ಳುತ್ತದೆ. ದತ್ತಿ ಕೊಟ್ಟ ಊರುಗಳಿಗೆ ಅದರಿಂದ ವಿನಾಯಿತಿ ಕೊಟ್ಟದ್ದೂ ಉಂಟು. ಇದರ ಜೊತೆಗೆ ಪಾರಸಿಯಿಂದ 'ಬೇಗಾರ' ಬಂದು ಸೇರಿ ನಮ್ಮಲ್ಲಿ 'ಬಿಟ್ಟಿ ಬೇಗಾರಿ' ಎಂಬ ಜೋಡಿಪದವೇ ಆಯಿತು. ಇಂದು ನಾವು ಬಿಟ್ಟಿಯಾಗಿ ಬಂತೆಂದು ಸಂತೋಷಪಡುತ್ತೇವೆ. ಪಡೆದವನಿಗೆ ಬಿಟ್ಟಿಯಾದದ್ದು ಕೊಟ್ಟವನ ಬೆನ್ನಿನ ಮೇಲೆ ಬಿದ್ದಿತ್ತೆಂಬುದು ಆ ಮಾತಿನೊಳಗೆ ಅಡಗಿದೆ.

ರಾಜ್ಯಾಡಳಿತದ ಮಾತುಗಳು ಕಠೋರವಾದುದನ್ನು ಮೆತ್ತಗೆ ಹೇಳುವುದರಲ್ಲಿ ಬಲು ಜಾಣ. ದಂಡಿನ ಸಾಮಾನು ಎಳೆಯುವ ಎತ್ತುಗಳನ್ನು ಸಾಕಲು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಏರ್ಪಟ್ಟ ಇಲಾಖೆಯ ಹೆಸರು 'ಬೆಣ್ಣೆ ಚಾವಡಿ'. ಹಸುಗಳು ಅರಮನೆಗೆ ಬೆಣ್ಣೆ ಕೊಡುತ್ತಿದ್ದವು, ನಿಜ. ಅವುಗಳ ಕರುಗಳು ಬೆಳೆದು ಫಿರಂಗಿ ಎಳೆಯುತ್ತಿದ್ದವು. ಟಿಪ್ಪು ಅದನ್ನು 'ಅಮೃತ ಮಹಲ್' ಎಂದು ಕರೆದ. ಬೆಣ್ಣೆ ಹೋಗಿ ಅಮೃತ ಬಂತು. ಎಳೆಯುವ ಭಾರವೇನೂ ಕಡಿಮೆಯಾಗಲಿಲ್ಲ.

ಜೀತದ ಕತೆಯೂ ಇದೇ ಜಾಡಿನದು. ಪಾಳೆಯಗಾರರು ಅಳಿದರು; ಕೋಟೆಗಳು ಪಾಳುಬಿದ್ದವು; ಕತ್ತಿಯ ಚಾಕರಿ ಕಡಿಮೆಯಾಗುತ್ತ ಬಂದಿತು. ಉಣ್ಣಲು ಕೊಟ್ಟು ಸೇವೆ ಪಡೆಯುವ ಕಟ್ಟುಪಾಡು ಮಾತ್ರ ಅಳಿಯಲಿಲ್ಲ. ಅದು ಹೊಲಗದ್ದೆಗಳಿಗೆ ಇಳಿಯಿತು, ತನ್ನ ಹಳೆಯ ಹೆಸರನ್ನೂ ಜೊತೆಗೆ ತಂದಿತು. ಮದುವೆಗೋ, ಕಾಯಿಲೆಗೋ, ಬರಗಾಲದ ಹೊಟ್ಟೆಪಾಡಿಗೋ ಬಡವನು ಸಾಹುಕಾರನಲ್ಲಿ ಸಾಲ ಮಾಡುತ್ತಿದ್ದ. ಅಡವಿಡಲು ಒಡವೆಯಿಲ್ಲ, ಭೂಮಿಯಿಲ್ಲ. ಬಾರಗೀರನಿಗಾದರೂ ಕುದುರೆ ಮಾತ್ರ ಇನ್ನೊಬ್ಬನದು; ಇವನಿಗೆ ನೇಗಿಲು, ಎತ್ತು, ನೆಲ, ಬೀಜ ಎಲ್ಲವೂ ಇನ್ನೊಬ್ಬನವೇ. ತನ್ನದೆಂದು ಉಳಿದದ್ದು ಮೈಯೊಂದೇ. ಅದನ್ನೇ ಅಡವಿಟ್ಟ. ಕೋಳಿ ಕೂಗುವ ಮೊದಲೇ ಒಡೆಯನ ಕೊಟ್ಟಿಗೆ ಬಾಚಬೇಕು, ಹಗಲೆಲ್ಲ ಉಳಬೇಕು, ರಾತ್ರಿ ಕಣಕ್ಕೆ ಕಾವಲಿರಬೇಕು. ಹೊತ್ತಿಗೆ ರಾಗಿಮುದ್ದೆ, ವರ್ಷಕ್ಕೊಂದು ಬಟ್ಟೆ, ಕಂಬಳಿ. ದುಡಿಮೆಯೆಲ್ಲ ಬಡ್ಡಿಗೆ ವಜಾ. ಅಸಲು ಇದ್ದಲ್ಲಿಯೇ ಇರುತ್ತಿತ್ತು. ಅಪ್ಪ ಬಿದ್ದುಹೋದರೆ ಮಗ ಹೋಗಿ ನಿಲ್ಲಬೇಕಾಗಿತ್ತು.

ದಂಡಿನ ಜೀತಕ್ಕೂ ಹೊಲದ ಜೀತಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ಎರಡರಲ್ಲಿಯೂ ಅನ್ನದ ಋಣವುಂಟು, ಎರಡರಲ್ಲಿಯೂ ಋಣ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ಅಲ್ಲಿ ತಂದೆಯ ಸೇವೆಗಾಗಿ ಮಗನಿಗೆ ಒಡೆಯನು ಭೂಮಿ ಕೊಟ್ಟ. ಇಲ್ಲಿ ತಂದೆಯ ಸೇವೆ ಲೆಕ್ಕಕ್ಕೇ ಬಾರದೆ ಮಗನ ತಲೆಗೆ ಸಾಲ ಬಂದಿತು. ಋಣದ ಮಾತು ಇಬ್ಬರಿಗೂ ಹೇಳಿದ್ದು ಒಂದೇ. ಋಣ ತೀರಿಸುವ ಹೊಣೆ ಮಾತ್ರ ಒಬ್ಬನ ಕಡೆಗೇ ಉಳಿಯಿತು. 'ನಮ್ಮ ಉಪ್ಪು ತಿಂದವನು' ಎಂಬ ಮಾತನ್ನು ನಾವು ಹಗುರವಾಗಿ ಆಡುತ್ತೇವಲ್ಲ, ಅದರ ಹಿಂದೆ ಇಷ್ಟು ದೀರ್ಘವಾದ ಚರಿತ್ರೆಯಿದೆ.

ಇದು ನಮ್ಮ ನಾಡಿಗೊಂದಕ್ಕೇ ಸೇರಿದ ಕತೆಯೆಂದು ತಾವು ಭಾವಿಸಬಾರದು. 1861ರಿಂದ 1865ರವರೆಗೆ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳು ಗುಲಾಮಗಿರಿಯ ಪ್ರಶ್ನೆಯ ಮೇಲೆ ಹೊಡೆದಾಡಿದವು. ಆ ಯುದ್ಧದ ಬಿಸಿ ನಮ್ಮ ಧಾರವಾಡದ ಹತ್ತಿಯ ಬೆಲೆಗೂ ತಟ್ಟಿತ್ತು. ಆ ದೇಶದ ಸಂವಿಧಾನ 1787ರಲ್ಲಿ ರಚನೆಯಾದಾಗ ಲಕ್ಷಾಂತರ ಗುಲಾಮರು ಅಲ್ಲಿ ದುಡಿಯುತ್ತಿದ್ದರು. ಆದರೂ ಗುಲಾಮನೆಂಬ ಮಾತನ್ನು ಅದರಲ್ಲಿ ಎಲ್ಲಿಯೂ ಬರೆಯಲಿಲ್ಲ. ಸೇವೆಗೆ ಅಥವಾ ದುಡಿಮೆಗೆ ಒಳಪಟ್ಟ ವ್ಯಕ್ತಿ ಎಂದು ಸುತ್ತುಬಳಸಿ ಬರೆದರು. ಬೆಣ್ಣೆ ಚಾವಡಿಯ ಜಾಣ್ಮೆ ಅವರಿಗೂ ತಿಳಿದಿತ್ತು!

1861ರ ಮೇ ತಿಂಗಳಲ್ಲಿ ವರ್ಜೀನಿಯದಲ್ಲಿ ಮೂವರು ಗುಲಾಮರು ದಕ್ಷಿಣದವರ ಹಿಡಿತದಿಂದ ತಪ್ಪಿಸಿಕೊಂಡು ಉತ್ತರದವರ ಕೈಯಲ್ಲಿದ್ದ ಮನ್ರೋ ಕೋಟೆಗೆ ಬಂದರು. ಅವರನ್ನು ದಕ್ಷಿಣದ ಸೈನ್ಯ ಕೋಟೆಕೊತ್ತಲಗಳ ಕೆಲಸಕ್ಕೆ ಹಚ್ಚಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಬಿಟ್ಟಿ. ಓಡಿಬಂದ ಗುಲಾಮರನ್ನು ಒಡೆಯರಿಗೆ ಒಪ್ಪಿಸಬೇಕೆಂದು ಕಾನೂನಿದ್ದ ಕಾಲ. ಕೋಟೆಯ ಸೇನಾನಿ ಬಟ್ಲರ್ ವಕೀಲನೂ ಆಗಿದ್ದವನು. ಇವರು ನಿಮ್ಮ ಆಸ್ತಿಯೆಂದು ನೀವೇ ಹೇಳುತ್ತೀರಿ. ಆ ಆಸ್ತಿಯನ್ನು ನಮ್ಮ ಮೇಲಿನ ಯುದ್ಧಕ್ಕೆ ಬಳಸುತ್ತೀರಿ. ಆದ್ದರಿಂದ ಇವರು ಮುಟ್ಟುಗೋಲಿಗೆ ತಕ್ಕ ಯುದ್ಧದ ಸರಕು, ಹಿಂದಕ್ಕೆ ಕೊಡುವುದಿಲ್ಲ ಎಂಬುದು ಅವನ ವಾದ. ಆ ಸರಕಿಗೆ ಇಂಗ್ಲಿಷಿನ ಮಾತು 'ಕಾಂಟ್ರಾಬ್ಯಾಂಡ್'. ಈ ಸುದ್ದಿ ಹರಡಿ ಸಾವಿರಾರು ಮಂದಿ ಓಡಿಬಂದರು; ಎಲ್ಲರಿಗೂ ಆ ಹೆಸರೇ ನಿಂತಿತು. ಮನುಷ್ಯರನ್ನು ಸರಕೆನ್ನುವ ಮಾತು ಒಳ್ಳೆಯದಲ್ಲ. ಆದರೂ ಆ ದಂಡಿನ ಮಾತೇ ಬಿಡುಗಡೆಗೆ ಮೊದಲ ಬಾಗಿಲಾಯಿತು.

1863ರ ಜನವರಿ 1ರಂದು ಲಿಂಕನ್ ಹೊರಡಿಸಿದ ವಿಮೋಚನೆಯ ಘೋಷಣೆಯೂ ಸೇನೆಯ ಮಹಾದಂಡನಾಯಕನೆಂಬ ಅಧಿಕಾರದಿಂದ ಮಾಡಿದ ಯುದ್ಧಕಾಲದ ಆಜ್ಞೆಯೇ. ದಂಗೆಯೆದ್ದ ಸೀಮೆಗಳಿಗೆ ಮಾತ್ರ ಅದು ಅನ್ವಯಿಸಿತ್ತು. ಸುಮಾರು 1,80,000 ಕಪ್ಪು ಜನರು ಉತ್ತರದ ಸೈನ್ಯದಲ್ಲಿ ಸಿಪಾಯಿಗಳಾಗಿ ಹೋರಾಡಿದರು. ಕೊನೆಗೆ 1865ರ ಡಿಸೆಂಬರಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿ ಬಂದಿತು. ಗುಲಾಮಗಿರಿ ಎಂಬ ಮಾತು ಆ ಸಂವಿಧಾನದಲ್ಲಿ ಮೊಟ್ಟಮೊದಲು ಕಾಣಿಸಿಕೊಂಡದ್ದು ಅದರಲ್ಲಿಯೇ. ಇಲ್ಲವಾಗಿಸುವುದಕ್ಕಾಗಿಯೇ ಅದನ್ನು ಹೆಸರು ಹಿಡಿದು ಹೇಳಬೇಕಾಯಿತು.

ಅಲ್ಲಿ ದಂಡಿನ ಮಾತೊಂದು ಗುಲಾಮನನ್ನು ಬಿಡುಗಡೆಯ ಕಡೆಗೆ ನಡೆಸಿತು; ಇಲ್ಲಿ ದಂಡಿನ ಮಾತೊಂದು ನೊಗವಾಗಿ ಹೆಗಲೇರಿತು. ಆದರೆ ಕೊನೆಗೆ ನಾವೂ ಹೆಸರು ಹಿಡಿದು ಹೇಳಿದೆವೆಂಬುದು ಸಮಾಧಾನದ ಸಂಗತಿ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 23ನೆಯ ಅನುಚ್ಛೇದ ಬಲಾತ್ಕಾರದ ದುಡಿಮೆಯನ್ನು ನಿಷೇಧಿಸಿತು. ಅದರ ಇಂಗ್ಲಿಷ್ ಪಾಠದಲ್ಲಿಯೂ 'ಬೇಗಾರ್' ಎಂಬ ನಮ್ಮ ಬೀದಿಯ ಮಾತೇ ಇದೆ. 1975ರ ಅಕ್ಟೋಬರಿನಲ್ಲಿ ಜೀತಪದ್ಧತಿಯನ್ನು ರದ್ದುಮಾಡುವ ಸುಗ್ರೀವಾಜ್ಞೆ ಬಂದು, 1976ರಲ್ಲಿ ಅದು ಕಾಯಿದೆಯಾಯಿತು. ಜೀತದ ಸಾಲಗಳೆಲ್ಲ ರದ್ದಾದವು. ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸೆರೆವಾಸ, 2,000 ರೂಪಾಯಿಯವರೆಗೆ ಜುಲ್ಮಾನೆ. ದೇಶದ ಬೇರೆಬೇರೆ ಸೀಮೆಗಳಲ್ಲಿ ಈ ಪದ್ಧತಿಗೆ ಇದ್ದ ಹೆಸರುಗಳನ್ನು ಆ ಕಾಯಿದೆ ಒಂದೊಂದಾಗಿ ಪಟ್ಟಿಮಾಡಿದೆ. ಅದರಲ್ಲಿ 'ಜೀತ' ಇದೆ. ನಮ್ಮ ಬಿಟ್ಟಿಯ ದಾಯಾದಿಯಾದ 'ವೆಟ್ಟಿ'ಯೂ ಇದೆ. ಯಾವ ಹೆಸರಿನ ಮರೆಯಲ್ಲಿಯೂ ಇದು ಅಡಗಿಕೊಳ್ಳಬಾರದೆಂಬುದೇ ಅದರ ಉದ್ದೇಶ. ಕಾಯಿದೆ ಬಂದ ಮಾತ್ರಕ್ಕೆ ಎಲ್ಲ ಕಡೆಯೂ ನೊಗ ಇಳಿಯಲಿಲ್ಲ. ಅನಂತರವೂ ಜೀತದಾಳುಗಳನ್ನು ಗುರುತಿಸಿ ಬಿಡಿಸುವ ಕೆಲಸ ನಮ್ಮ ನಾಡಿನಲ್ಲಿ ನಡೆಯುತ್ತಲೇ ಬಂದಿದೆ.

ಅಂದು ತರಗತಿಯಲ್ಲಿ ನಿಂತಿದ್ದ ಹುಡುಗನಿಗೆ ನಾನು ಹೇಳಿದ್ದು ಇಷ್ಟು: 'ಪುಸ್ತಕದ ಅರ್ಥವನ್ನೂ ಬರೆದುಕೋ, ಅದರ ಕೆಳಗೆ ನಿಮ್ಮ ತಾತನ ಅರ್ಥವನ್ನೂ ಬರೆದುಕೋ. ಎರಡೂ ಕನ್ನಡವೇ.' ಅವನು ಬರೆದುಕೊಂಡ. ಆ ವರ್ಷದಿಂದ ನಾನು ಕಪ್ಪುಹಲಗೆಯ ಮೇಲೆ ಜೀತಕ್ಕೆ ಎರಡು ಅರ್ಥಗಳನ್ನು ಬರೆಯುತ್ತೇನೆ.

ವೀರರಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಬೇಟೆನಾಯಿಗೂ ಕಲ್ಲಿನಲ್ಲಿ ಜಾಗವಿತ್ತ ನಾಡು. ಹೊಲದ ಜೀತದಲ್ಲಿ ಸವೆದವರಿಗೆ ಯಾರೂ ಕಲ್ಲು ನೆಡಲಿಲ್ಲ. ಅವರ ನೆನಪು ಉಳಿದಿರುವುದು ಈ ಒಂದು ಮಾತಿನಲ್ಲಿ, ಮತ್ತು ಇನ್ನೂ ನಮ್ಮ ನಡುವೆ ಇರುವ ಕೆಲವು ಮುದುಕರ ಮನಸ್ಸಿನಲ್ಲಿ. ತಾವು ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ ಜಗಲಿಯ ಮೇಲೆ ಕುಳಿತಿರುವ ಹಿರಿಯರನ್ನು ಈ ಮಾತಿನ ಅರ್ಥವೇನೆಂದು ಕೇಳಿ. ಒಡೆಯರಾಗಿದ್ದವರೂ ಹೇಳಲಿ, ಆಳಾಗಿದ್ದವರೂ ಹೇಳಲಿ. ನಿಘಂಟಿನಲ್ಲಿ ಇಲ್ಲದುದು ಅವರ ಬಾಯಲ್ಲಿ ಸಿಕ್ಕೀತು, ಸಿಕ್ಕರೆ ಬರೆದಿಡಿ.